ಚುಕ್ಕೆ ಗುರುತಿನ ಪ್ರಶ್ನೆ: ಬೆಲೆ ಏರಿಕೆ ಬಗ್ಗೆ ಸಚಿವರನ್ನು ಎದುರಿಗೇ ಕೇಳುವ ಹಕ್ಕು

ಅಧಿವೇಶನದ ದಿನಗಳಲ್ಲಿ ಪತ್ರಿಕೆ ತೆರೆದರೆ 'ತೊಗರಿಬೇಳೆ ದರ: ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರ ಉತ್ತರ' ಅನ್ನುವ ಥರದ ಸಾಲು ಕಣ್ಣಿಗೆ ಬೀಳುತ್ತಲೇ ಇರುತ್ತದೆ. ಬೇಳೆಯ ದರ ಓದುತ್ತೇವೆ, ಸಚಿವರ ಹೆಸರು ಓದುತ್ತೇವೆ. ಚುಕ್ಕೆ ಗುರುತು ಅಂದರೆ ಏನು ಅಂತ ಮಾತ್ರ ಕೇಳಿಕೊಳ್ಳುವುದಿಲ್ಲ. ಆದರೆ ಇಡೀ ಸುದ್ದಿಯ ಜೀವ ಇರುವುದು ಅದರಲ್ಲೇ.

ಸಂಸದರು ಸರ್ಕಾರಕ್ಕೆ ಹಾಕುವ ಪ್ರಶ್ನೆಗಳಲ್ಲಿ ಮುಖ್ಯವಾಗಿ ಎರಡು ಬಗೆ. ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಲಿಖಿತ ಉತ್ತರ ಬರುತ್ತದೆ, ಅಲ್ಲಿಗೆ ಮುಗಿಯಿತು. ಚುಕ್ಕೆ ಗುರುತು ಇರುವ ಪ್ರಶ್ನೆಗೆ ಸಚಿವರು ಸದನದಲ್ಲಿ ಎದ್ದು ನಿಂತು ಬಾಯಿಮಾತಿನಲ್ಲಿ ಉತ್ತರ ಕೊಡಬೇಕು. ಅಷ್ಟೇ ಅಲ್ಲ, ಆ ಉತ್ತರ ಕೇಳಿದ ಮೇಲೆ ಪ್ರಶ್ನೆ ಹಾಕಿದವರು ಇನ್ನೂ ಎರಡು ಉಪಪ್ರಶ್ನೆ ಕೇಳಬಹುದು. ಸಭಾಧ್ಯಕ್ಷರು ಒಪ್ಪಿದರೆ ಬೇರೆ ಸದಸ್ಯರೂ ಕೇಳಬಹುದು. ಪ್ರಶ್ನೆಗಳ ಪಟ್ಟಿಯಲ್ಲಿ ಇವುಗಳ ಪಕ್ಕ ನಕ್ಷತ್ರದಂಥ ಗುರುತು ಹಾಕುತ್ತಾರೆ, ಹೆಸರು ಬಂದದ್ದು ಹಾಗೆ. ಲೋಕಸಭೆಯಲ್ಲಿ ಈ ಪಟ್ಟಿ ಹಸಿರು ಕಾಗದದಲ್ಲಿ ಅಚ್ಚಾಗುವುದು ರೂಢಿ. ಚುಕ್ಕೆ ಇಲ್ಲದವು ಬಿಳಿ ಕಾಗದದಲ್ಲಿ.

ಇದು ವಿರೋಧ ಪಕ್ಷದವರಿಗೆ ಯಾಕೆ ಇಷ್ಟು ಮುಖ್ಯ? ಅವರ ಬಳಿ ಬೇರೆ ಏನಿದೆ ಅಂತ ನೋಡಿದರೆ ಗೊತ್ತಾಗುತ್ತದೆ. ಗ್ರಾಹಕರ ಪರವಾಗಿ ಒಂದು ಕಾನೂನು ತರಬೇಕು ಅಂದುಕೊಂಡರೆ ಖಾಸಗಿ ಸದಸ್ಯರ ಮಸೂದೆ (ಸಚಿವರಲ್ಲದ ಸದಸ್ಯರು ತರುವ ಮಸೂದೆ) ಮಂಡಿಸಬಹುದು, ಅಂಥ ಕಲಾಪಕ್ಕೆ ಶುಕ್ರವಾರ ಮಧ್ಯಾಹ್ನ ಎರಡೂವರೆ ಗಂಟೆಯಷ್ಟು ಹೊತ್ತು ಮೀಸಲು. ಆದರೆ ಸ್ವಾತಂತ್ರ್ಯ ಬಂದಾಗಿನಿಂದ ಎರಡೂ ಸದನಗಳಲ್ಲಿ ಪಾಸಾಗಿ ಕಾನೂನಾದ ಇಂಥ ಮಸೂದೆಗಳು ಬರೀ 14. 1970ರ ನಂತರ ಒಂದೂ ಇಲ್ಲ. ಬಜೆಟ್ ಬದಲಿಸುವ ಬಲ ಅವರಿಗಿಲ್ಲ, ತೆರಿಗೆ ಇಳಿಸುವ ಕೈ ಅವರದಲ್ಲ. ಶೂನ್ಯ ವೇಳೆಯಲ್ಲಿ, ಅಂದರೆ ಸದಸ್ಯರು ತುರ್ತು ವಿಷಯ ಎತ್ತುವ ಹೊತ್ತಿನಲ್ಲಿ, ಅಡುಗೆ ಅನಿಲದ ದರದ ಬಗ್ಗೆ ಮಾತಾಡಬಹುದು, ಆದರೆ ಅಲ್ಲಿ ಸಚಿವರು ಆ ಕ್ಷಣಕ್ಕೆ ಉತ್ತರ ಕೊಡಲೇಬೇಕು ಅಂತ ಕಟ್ಟುಪಾಡಿಲ್ಲ. ಚುಕ್ಕೆ ಗುರುತಿನ ಪ್ರಶ್ನೆಯಲ್ಲಿ ಮಾತ್ರ ಸಚಿವರು ಉತ್ತರ ಕೊಡಲೇಬೇಕು, ಅದೂ ಕೇಳಿದವರ ಮುಖ ನೋಡಿಕೊಂಡು. ನನ್ನ ಮಟ್ಟಿಗೆ ಒಬ್ಬ ವಿರೋಧ ಪಕ್ಷದ ಸಂಸದರು ಜನರ ಖರ್ಚುವೆಚ್ಚದ ಬಗ್ಗೆ ಎಷ್ಟು ಕೆಲಸ ಮಾಡಿದ್ದಾರೆ ಅಂತ ಅಳೆಯಲು ಅವರ ಭಾಷಣದ ವಿಡಿಯೋಗಿಂತ ಅವರ ಪ್ರಶ್ನೆಗಳ ಪಟ್ಟಿಯೇ ಒಳ್ಳೆಯ ಅಳತೆ.

ಚುಕ್ಕೆ ಸಿಗುವುದು ಸುಲಭವಲ್ಲ. ಕನಿಷ್ಠ 15 ದಿನ ಮೊದಲು ನೋಟಿಸ್ ಕೊಡಬೇಕು. ಬಂದ ನೋಟಿಸ್‌ಗಳನ್ನು ಚೀಟಿ ಎತ್ತಿ ಆರಿಸುತ್ತಾರೆ. ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಪ್ರಶ್ನೆ, 230 ಚುಕ್ಕೆ ಇಲ್ಲದವು. ರಾಜ್ಯಸಭೆಯಲ್ಲಿ 15 ಮತ್ತು 160. ಒಬ್ಬರಿಗೆ ಒಂದು ದಿನಕ್ಕೆ ಒಂದೇ ಚುಕ್ಕೆ. ಪಟ್ಟಿಯಲ್ಲಿ ಹೆಸರು ಬಂದರೂ ಸರದಿ ಬರುತ್ತದೆ ಅಂತ ಹೇಳಲಾಗದು. ಈ ಪ್ರಶ್ನೆಗಳಿಗೆಂದು ಇರುವ ಪ್ರಶ್ನೋತ್ತರ ವೇಳೆ ಒಂದೇ ಗಂಟೆ, ಅದರಲ್ಲಿ ಸಾಮಾನ್ಯವಾಗಿ ಐದಾರು ಪ್ರಶ್ನೆ ಮುಗಿದರೆ ಹೆಚ್ಚು. ಹದಿನೇಳನೆಯ ಸ್ಥಾನದಲ್ಲಿದ್ದವರಿಗೆ ಲಿಖಿತ ಉತ್ತರವಷ್ಟೇ ಸಿಗುತ್ತದೆ, ಕೈಗೆ ಬಂದ ಉಪಪ್ರಶ್ನೆಯ ಅವಕಾಶ ಹೋಗುತ್ತದೆ.

ಆ ಉಪಪ್ರಶ್ನೆಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಮೂಲ ಪ್ರಶ್ನೆ ಎರಡು ವಾರ ಮೊದಲೇ ಇಲಾಖೆಗೆ ಹೋಗಿರುತ್ತದೆ. ಅಧಿಕಾರಿಗಳು ಕೂತು ಅಳೆದು ತೂಗಿ ಉತ್ತರ ಬರೆದಿರುತ್ತಾರೆ. ಎಷ್ಟೋ ಸಲ ಸಚಿವರು ಎದ್ದು 'ಉತ್ತರವನ್ನು ಸದನದ ಮುಂದೆ ಇಡಲಾಗಿದೆ' ಅಂತ ಒಂದು ಸಾಲು ಹೇಳಿ ಕೂತುಬಿಡುತ್ತಾರೆ. ಆದರೆ ಉಪಪ್ರಶ್ನೆ ಏನು ಬರುತ್ತದೆ ಅಂತ ಯಾರಿಗೂ ಮೊದಲೇ ಗೊತ್ತಿರುವುದಿಲ್ಲ. ಸಚಿವರಿಗೆ ತಮ್ಮ ಇಲಾಖೆಯ ವಿಷಯ ನಿಜವಾಗಿ ಗೊತ್ತಿದೆಯೋ ಇಲ್ಲವೋ ಅನ್ನುವುದು ಆ ಒಂದು ನಿಮಿಷದಲ್ಲಿ ಹೊರಬೀಳುತ್ತದೆ. ಬೆಲೆ ನಿಯಂತ್ರಣಕ್ಕೆ ಕ್ರಮ ಕೈಗೊಳ್ಳಲಾಗಿದೆ ಅಂತ ಬರೆದುಕೊಟ್ಟವರನ್ನು 'ಹಾಗಾದರೆ ಸಗಟು ದರ ಇಳಿದ ಮೇಲೂ ಅಂಗಡಿಯ ದರ ಯಾಕೆ ಇಳಿದಿಲ್ಲ?' ಅಂತ ಕೇಳಿದಾಗ ಬರೆದುಕೊಟ್ಟ ಹಾಳೆಯಲ್ಲಿ ಅದಕ್ಕೆ ಉತ್ತರ ಇರುವುದಿಲ್ಲ, ಅಲ್ವಾ?

ಚುಕ್ಕೆ ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದನ್ನು 2020 ತೋರಿಸಿಕೊಟ್ಟಿತು. ಆ ವರ್ಷ ಸೆಪ್ಟೆಂಬರ್ 14ಕ್ಕೆ ಶುರುವಾದ ಮಳೆಗಾಲದ ಅಧಿವೇಶನದಲ್ಲಿ ಕೋವಿಡ್ ಕಾರಣ ಕೊಟ್ಟು ಪ್ರಶ್ನೋತ್ತರ ವೇಳೆಯನ್ನೇ ಕೈಬಿಟ್ಟರು. ಚುಕ್ಕೆ ಗುರುತಿಲ್ಲದ ಪ್ರಶ್ನೆಗಳಿಗೆ ಲಿಖಿತ ಉತ್ತರ ಮಾತ್ರ ಬಂತು. ಲಾಕ್‌ಡೌನ್ ಹೊತ್ತಿನಲ್ಲಿ ಊರಿಗೆ ಮರಳುತ್ತಾ ಪ್ರಾಣ ಕಳೆದುಕೊಂಡ ವಲಸೆ ಕಾರ್ಮಿಕರು ಎಷ್ಟು ಅನ್ನುವ ಪ್ರಶ್ನೆಗೆ ಕಾರ್ಮಿಕ ಸಚಿವಾಲಯ ಲಿಖಿತವಾಗಿ ಹೇಳಿದ್ದು, ಅಂಥ ಅಂಕಿಅಂಶ ಇಲ್ಲ ಅಂತ. ಚುಕ್ಕೆ ಇದ್ದಿದ್ದರೆ ಮುಂದಿನ ಪ್ರಶ್ನೆ ಅಲ್ಲೇ ಬರುತ್ತಿತ್ತು: ಯಾಕೆ ಇಲ್ಲ, ಯಾರು ಸಂಗ್ರಹಿಸಬೇಕಿತ್ತು, ಪರಿಹಾರ ಯಾವ ಲೆಕ್ಕದಲ್ಲಿ ಕೊಡುತ್ತೀರಿ. ಆ ದಿನ ಹಾಗೆ ಕೇಳುವ ದಾರಿಯೇ ಇರಲಿಲ್ಲ. ಇದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಪ್ರಶ್ನೆ ಕಟ್ಟುವುದೂ ಒಂದು ಕಸುಬು. ಲೋಕಸಭೆಯ ನಿಯಮದ ಪ್ರಕಾರ ಪ್ರಶ್ನೆ ಸಾಮಾನ್ಯವಾಗಿ 150 ಪದ ದಾಟಬಾರದು. ವಾದ ಇರಬಾರದು, ವ್ಯಂಗ್ಯ ಇರಬಾರದು, ಆರೋಪ ಇರಬಾರದು, ಅಭಿಪ್ರಾಯ ಕೇಳುವಂತಿಲ್ಲ. 'ಬೆಲೆ ಏರಿಕೆಯಿಂದ ಜನ ತತ್ತರಿಸಿರುವುದು ಸರ್ಕಾರಕ್ಕೆ ಗೊತ್ತಿದೆಯೇ?' ಅಂತ ಕೇಳಿದರೆ ಸರ್ಕಾರ ಏನೇನು ಮಾಡಿದೆ ಅಂತ ಎರಡು ಪುಟದ ಪಟ್ಟಿ ಬರುತ್ತದೆ, ಕೈಗೆ ಏನೂ ಸಿಗುವುದಿಲ್ಲ. ಅದೇ ವಿಷಯವನ್ನು ಬಿಡಿಸಿ ಕೇಳಬಹುದು. ತೊಗರಿಬೇಳೆಯ ಚಿಲ್ಲರೆ ದರ ಮತ್ತು ಸಗಟು ದರ ಮೂರು ವರ್ಷದಲ್ಲಿ ತಿಂಗಳವಾರು ಎಷ್ಟಿತ್ತು? 2023ರ ಜೂನ್ 2ರಂದು ತೊಗರಿ ಮತ್ತು ಉದ್ದಿನ ದಾಸ್ತಾನಿಗೆ ಮಿತಿ ಹಾಕಿದಿರಿ, ಮಿತಿ ಮೀರಿದವರು ರಾಜ್ಯವಾರು ಎಷ್ಟು ಮಂದಿ, ಎಷ್ಟು ಮಂದಿ ಮೇಲೆ ಕ್ರಮ ಆಯಿತು? ಅದೇ ವರ್ಷ ಜುಲೈನಲ್ಲಿ ಕಡಲೆಬೇಳೆಯನ್ನು ಭಾರತ್ ದಾಲ್ ಹೆಸರಲ್ಲಿ ಕಿಲೋಗೆ 60 ರೂಪಾಯಿಯಂತೆ ಮಾರಲು ಶುರು ಮಾಡಿದಿರಿ, ಅದು ಯಾವ ಜಿಲ್ಲೆಯಲ್ಲಿ ಎಷ್ಟು ಟನ್ ಮಾರಾಟವಾಯಿತು? ಇವಕ್ಕೆ ಸುಮ್ನೆ ಮಾತಿನಲ್ಲಿ ಜಾರಿಕೊಳ್ಳಲು ಆಗುವುದಿಲ್ಲ. ಮಾಹಿತಿ ಇಲ್ಲ ಅಂತ ಹೇಳುವುದೂ ಕಷ್ಟ, ಏಕೆಂದರೆ ಗ್ರಾಹಕ ವ್ಯವಹಾರಗಳ ಇಲಾಖೆ ದಿನಾ ದರ ಬರೆದಿಡುತ್ತದೆ. ಮೊದಲು 22 ಪದಾರ್ಥ ಇತ್ತು, 2024ರ ಆಗಸ್ಟ್‌ನಿಂದ 38 ಆಗಿದೆ.

ಇಲ್ಲೊಂದು ಸೂಕ್ಷ್ಮ ಇದೆ. ಅಂಕಿಅಂಶವೇ ಜಾಸ್ತಿ ಇರುವ ಪ್ರಶ್ನೆಗೆ ಚುಕ್ಕೆ ಹಾಕಿ ಕೊಟ್ಟರೂ ಸಭಾಧ್ಯಕ್ಷರು ಅದನ್ನು ಚುಕ್ಕೆ ಇಲ್ಲದ ಪಟ್ಟಿಗೆ ಕಳಿಸಬಹುದು. ಹಾಗಾಗಿ ತಿಳಿದ ಸಂಸದರು ಮೊದಲು ಚುಕ್ಕೆ ಇಲ್ಲದ ಪ್ರಶ್ನೆಯಲ್ಲಿ ಲೆಕ್ಕ ತರಿಸಿಕೊಳ್ಳುತ್ತಾರೆ. ಆ ಲೆಕ್ಕದಲ್ಲಿ ಬಿರುಕು ಕಂಡ ಕಡೆ ಮುಂದಿನ ವಾರವೋ ಮುಂದಿನ ಅಧಿವೇಶನದಲ್ಲೋ ಚುಕ್ಕೆ ಪ್ರಶ್ನೆ ಹಾಕುತ್ತಾರೆ. ಗ್ರಾಹಕ ಆಯೋಗಗಳ ವಿಷಯ ತೆಗೆದುಕೊಳ್ಳಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈ 20ರಿಂದ ಜಾರಿಗೆ ಬಂತು. ಜಿಲ್ಲಾ ಆಯೋಗಗಳಲ್ಲಿ ಎಷ್ಟು ಸದಸ್ಯ ಸ್ಥಾನ ಖಾಲಿ, ಎಷ್ಟು ಪ್ರಕರಣ ಬಾಕಿ ಅಂತ ಮೊದಲು ಲಿಖಿತವಾಗಿ ತರಿಸಿಕೊಂಡು, ಆಮೇಲೆ ಸದನದಲ್ಲಿ ಒಂದೇ ಮಾತು ಕೇಳಬಹುದು: ಕೂರಲು ಸದಸ್ಯರೇ ಇಲ್ಲದ ಆಯೋಗಕ್ಕೆ ಹಾಳಾದ ಫ್ರಿಜ್ಜಿನ ದೂರು ಹಿಡಿದು ಬಂದವರು ಎಲ್ಲಿಗೆ ಹೋಗಬೇಕು?

ಉತ್ತರ ಅರ್ಧಂಬರ್ಧ ಬಂದರೂ ದಾರಿ ಮುಚ್ಚುವುದಿಲ್ಲ. 'ಮಾಹಿತಿ ಸಂಗ್ರಹಿಸಲಾಗುತ್ತಿದೆ, ಸದನದ ಮುಂದೆ ಇಡಲಾಗುವುದು' ಅಂತ ಸಚಿವರು ಹೇಳಿದರೆ ಅದು ಭರವಸೆ ಅಂತ ದಾಖಲಾಗುತ್ತದೆ. ಮೂರು ತಿಂಗಳಲ್ಲಿ ಈಡೇರಿಸಬೇಕು. ಇದನ್ನು ಹಿಂಬಾಲಿಸಲೆಂದೇ ಲೋಕಸಭೆಯಲ್ಲಿ 1953ರಿಂದ ಒಂದು ಸಮಿತಿ ಇದೆ, ಸರ್ಕಾರಿ ಭರವಸೆಗಳ ಸಮಿತಿ. ಉತ್ತರ ಸಾಲದು ಅನಿಸಿದರೆ ಅದೇ ವಿಷಯದ ಮೇಲೆ ಅರ್ಧ ಗಂಟೆ ಚರ್ಚೆಗೂ ನೋಟಿಸ್ ಕೊಡಬಹುದು.

ಇದರ ಬಲಕ್ಕೆ ಹಳೆಯ ಉದಾಹರಣೆ 1957ರದ್ದು. ಜೀವ ವಿಮಾ ನಿಗಮ ಶುರುವಾಗಿ ಒಂದು ವರ್ಷವಾಗಿತ್ತಷ್ಟೇ. ಪಾಲಿಸಿದಾರರ ಹಣದಲ್ಲಿ ಸುಮಾರು 1.24 ಕೋಟಿ ರೂಪಾಯಿ ಉದ್ಯಮಿ ಹರಿದಾಸ್ ಮುಂದ್ರಾ ಅವರ ಕಂಪನಿಗಳ ಷೇರಿಗೆ ಹೋಗಿತ್ತು. ಲೋಕಸಭೆಯಲ್ಲಿ ಅದು ಪ್ರಶ್ನೆಗಳಾಗಿ ಎದ್ದಿತು, ಉತ್ತರಗಳಿಂದ ಸಮಾಧಾನ ಆಗಲಿಲ್ಲ, ಡಿಸೆಂಬರ್‌ನಲ್ಲಿ ಫಿರೋಜ್ ಗಾಂಧಿ ಚರ್ಚೆಗೆ ತಂದರು. ತನಿಖೆಗೆ ಛಾಗ್ಲಾ ಆಯೋಗ ಬಂತು. 1958ರ ಫೆಬ್ರವರಿಯಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ಫಿರೋಜ್ ಗಾಂಧಿ ಆಳುವ ಪಕ್ಷದವರೇ ಅನ್ನುವುದನ್ನು ಮರೆಯಬಾರದು. ಪ್ರಶ್ನೆ ಕೇಳುವ ಹಕ್ಕು ಸಚಿವರಲ್ಲದ ಎಲ್ಲ ಸದಸ್ಯರದು. ಆದರೆ ಸಾಮಾನ್ಯವಾಗಿ ಅದನ್ನು ಚುರುಕಾಗಿ ಬಳಸಬೇಕಾದವರು ವಿರೋಧ ಪಕ್ಷದವರು, ಆಳುವ ಪಕ್ಷದವರಿಗೆ ಸಚಿವರ ಕೊಠಡಿಯ ಬಾಗಿಲು ಹೇಗೂ ತೆರೆದಿರುತ್ತದೆ.

ಸದನದಲ್ಲಿ ಎತ್ತಿದ ಎಲ್ಲ ಮಾತೂ ಚುಕ್ಕೆ ಪ್ರಶ್ನೆಯಲ್ಲ ಅನ್ನುವುದನ್ನೂ ಹೇಳಿಬಿಡುತ್ತೇನೆ. 2024ರ ಡಿಸೆಂಬರ್‌ನಲ್ಲಿ ವಿಮಾನ ನಿಲ್ದಾಣಗಳ ಚಹಾ, ನೀರಿನ ದುಬಾರಿ ದರದ ಬಗ್ಗೆ ರಾಜ್ಯಸಭೆಯಲ್ಲಿ ಆಮ್ ಆದ್ಮಿ ಪಕ್ಷದ ರಾಘವ್ ಚಡ್ಡಾ ಮಾತಾಡಿದ್ದು ಒಂದು ಮಸೂದೆಯ ಮೇಲಿನ ಚರ್ಚೆಯಲ್ಲಿ. ಅದೇ ತಿಂಗಳು ಕೋಲ್ಕತ್ತ ನಿಲ್ದಾಣದಲ್ಲಿ 10 ರೂಪಾಯಿಗೆ ಚಹಾ, 20 ರೂಪಾಯಿಗೆ ಸಮೋಸ ಕೊಡುವ ಉಡಾನ್ ಯಾತ್ರಿ ಕೆಫೆ ತೆರೆಯಿತು. ಬರೀ ಒಂದು ಭಾಷಣದಿಂದ ಇದೆಲ್ಲ ಆಯಿತು ಅಂತ ಹೇಳಲಾರೆ. ಆದರೆ ಇಂಥ ಕೆಫೆ ಉಳಿದ ನಿಲ್ದಾಣಗಳಿಗೆ ಯಾವಾಗ ಬರುತ್ತದೆ, ಅಲ್ಲಿನ ದರ ಯಾರು ನಿಗದಿ ಮಾಡುತ್ತಾರೆ ಅನ್ನುವುದನ್ನು ಬೆನ್ನುಹತ್ತಿ ಕೇಳಬೇಕಾದರೆ ಮತ್ತೆ ಚುಕ್ಕೆ ಪ್ರಶ್ನೆಗೇ ಬರಬೇಕು.

ನನಗೆ ಬೇಸರ ತರಿಸುವುದು ಒಂದೇ. ಎಷ್ಟೋ ದಿನ ಪ್ರಶ್ನೋತ್ತರ ವೇಳೆ ಗದ್ದಲದಲ್ಲಿ ಕೊಚ್ಚಿಹೋಗುತ್ತದೆ. ಬೆಳಗ್ಗೆಯ ಗಲಾಟೆ ತಾಳಲಾರದೆ ರಾಜ್ಯಸಭೆ 2014ರಲ್ಲಿ ಅದನ್ನು 11 ಗಂಟೆಯಿಂದ 12ಕ್ಕೆ ಸರಿಸಿತು. ಪ್ರತಿಭಟನೆಗೆ ಕಾರಣ ಇರಬಹುದು, ಬೇರೆ ದಾರಿ ಕಾಣದೆ ಸದನದ ಬಾವಿಗೆ, ಅಂದರೆ ಸಭಾಧ್ಯಕ್ಷರ ಪೀಠದ ಮುಂದಿನ ಜಾಗಕ್ಕೆ, ಇಳಿಯುವುದೂ ಅರ್ಥವಾಗುತ್ತದೆ. ಆದರೂ ಸದನ ಮುಂದೂಡಿದರೆ ಹೆಚ್ಚು ಕಳೆದುಕೊಳ್ಳುವವರು ವಿರೋಧ ಪಕ್ಷದವರೇ. ಸಚಿವರು ಲಿಖಿತ ಉತ್ತರ ಮೇಜಿನ ಮೇಲಿಟ್ಟು ಹೊರಡುತ್ತಾರೆ, ಆ ದಿನ ಅವರಿಗೆ ಉಪಪ್ರಶ್ನೆಯ ಕಾಟ ಇಲ್ಲ.

ಈ ಪ್ರಶ್ನೆ, ಉತ್ತರ ಎಲ್ಲವೂ ಸಂಸತ್ತಿನ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಸದಸ್ಯರ ಹೆಸರು, ಸಚಿವಾಲಯ ಹಾಕಿ ಹುಡುಕಬಹುದು. ಓದುವಾಗ ಪ್ರಶ್ನೆಯ ಉಪಭಾಗಗಳನ್ನು ಒಂದೊಂದಾಗಿ ಉತ್ತರದ ಜೊತೆ ಇಟ್ಟು ನೋಡಿ. ನಾಲ್ಕು ಭಾಗಕ್ಕೂ ಸೇರಿಸಿ ಒಂದೇ ಉತ್ತರ ಕೊಟ್ಟಿದ್ದರೆ ಯಾವುದೋ ಒಂದು ಭಾಗ ಅದರಲ್ಲಿ ಕಾಣೆಯಾಗಿರುತ್ತದೆ, ಬಹುತೇಕ ಸಲ ಅದೇ ಮುಖ್ಯವಾದದ್ದು. ನಮ್ಮ ವಿಧಾನಸಭೆ, ವಿಧಾನ ಪರಿಷತ್ತಿನಲ್ಲೂ ಚುಕ್ಕೆ ಗುರುತಿನ ಪ್ರಶ್ನೆ ಇದೆ. ಹಾಲಿನ ದರ, ಬಸ್ ದರ, ವಿದ್ಯುತ್ ದರದಂಥ ಮನೆಖರ್ಚಿನ ವಿಷಯಗಳು ಅಲ್ಲಿಗೇ ಸೇರುತ್ತವೆ. ನಿಮ್ಮ ಸಂಸದರಿಗೋ ಶಾಸಕರಿಗೋ ನೀವೇ ಒಂದು ಪ್ರಶ್ನೆ ಬರೆದು ಕೊಡಬಹುದು. ಆದರೆ ನೋಟಿಸಿನ ಅವಧಿ ನೆನಪಿರಲಿ: ಅಧಿವೇಶನದ ದಿನಾಂಕ ಪ್ರಕಟವಾದ ಕೂಡಲೇ ಕೊಡಿ, ಸದನ ಶುರುವಾದ ಮೇಲೆ ಕೊಟ್ಟರೆ ಮೊದಲ ಎರಡು ವಾರದ ಪಟ್ಟಿ ಆಗಲೇ ಮುಗಿದಿರುತ್ತದೆ.