ಫೋಟೋದಲ್ಲಿ ಹೊಳೆಯುವ ಲೋಹ: ಬಣ್ಣ ನೋಡಿ ಬಿಸಿ ಹೇಳಬಹುದಾ?

ಪ್ರಶ್ನೆ: ನನ್ನ ಹತ್ತಿರ ಒಂದು ಫೋಟೋ ಇದೆ. ಕಿತ್ತಳೆ ಬಣ್ಣದಲ್ಲಿ ಹೊಳೆಯುವ ಲೋಹದ ತುಂಡು. ಮಧ್ಯೆ ಒಂದು ಕಪ್ಪು ಪಟ್ಟಿ, ಒಂದು ತುದಿಯಲ್ಲಿ ನೇರಳೆ ಛಾಯೆ. ಹವ್ಯಾಸಕ್ಕೆ ಕುಲುಮೆ ಇಟ್ಟುಕೊಂಡವರಿಗೆ ತೋರಿಸಿದರೆ ಇದು ಯಾವ ಲೋಹ, ಎಷ್ಟು ಬಿಸಿ, ಕರಗಿದೆಯೋ ಇಲ್ಲವೋ ಹೇಳ್ತಾರಾ?

ಉತ್ತರ: ಕರಗಿದೆಯೋ ಇಲ್ಲವೋ ಅನ್ನುವುದನ್ನು ಸಾಮಾನ್ಯವಾಗಿ ಹೇಳುತ್ತಾರೆ. ಯಾವ ಲೋಹ ಅಂತ ಅರ್ಧಂಬರ್ಧ ಹೇಳುತ್ತಾರೆ. ಎಷ್ಟು ಬಿಸಿ ಅಂತ ಫೋಟೋ ನೋಡಿದ ಕೂಡಲೇ ಡಿಗ್ರಿ ಲೆಕ್ಕದಲ್ಲಿ ಹೇಳಿದರೆ ಮಾತ್ರ ಸ್ವಲ್ಪ ಅನುಮಾನಪಡಿ.

ಮೊದಲು ಲೋಹದ ವಿಷಯ. ಯಾವುದೇ ಗಟ್ಟಿ ವಸ್ತು ಸುಮಾರು 525 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕತ್ತಲಲ್ಲಿ ಮಂದ ಕೆಂಪಾಗಿ ಕಾಣಲು ಶುರುವಾಗುತ್ತದೆ. ಇದನ್ನು 1847ರಲ್ಲಿ ವಿಜ್ಞಾನಿ ಜಾನ್ ವಿಲಿಯಂ ಡ್ರೇಪರ್ ತೋರಿಸಿಕೊಟ್ಟ. ಕಬ್ಬಿಣವಾಗಲಿ, ತಾಮ್ರವಾಗಲಿ, ಇಟ್ಟಿಗೆಯಾಗಲಿ, ಹೆಚ್ಚು ಕಡಿಮೆ ಎಲ್ಲಕ್ಕೂ ಒಂದೇ ಕಥೆ. ಬಿಸಿ ಏರಿದ ಹಾಗೆ ಕೆಂಪು, ಕಿತ್ತಳೆ, ಹಳದಿ, ಕೊನೆಗೆ ಬಿಳಿ. ಹಾಗಾಗಿ ಹೊಳಪಿನ ಬಣ್ಣ ಲೋಹದ ಹೆಸರು ಹೇಳುವುದಿಲ್ಲ.

ಆದರೆ ಯಾವುದು ಅಲ್ಲ ಅಂತ ಹೇಳಬಹುದು. ಕುಲುಮೆಯವರು ತಲೆ ಓಡಿಸುವುದು ಹೀಗೆಯೇ. ಸೀಸ 327 ಡಿಗ್ರಿಗೆ ಕರಗುತ್ತದೆ, ಅಲ್ಯೂಮಿನಿಯಂ 660ಕ್ಕೆ. ಕಿತ್ತಳೆ ಅಂದರೆ ಸುಮಾರು 900 ಡಿಗ್ರಿಯ ಆಸುಪಾಸು. ತುಂಡು ನಿಜವಾಗಿಯೂ ಕಿತ್ತಳೆ ಬಣ್ಣದಲ್ಲಿದ್ದು, ಮೂಲೆಗಳು ಇನ್ನೂ ಚೂಪಾಗಿದ್ದರೆ ಅದು ಸೀಸವೂ ಅಲ್ಲ, ಅಲ್ಯೂಮಿನಿಯಂ ಕೂಡ ಅಲ್ಲ. ತಾಮ್ರ 1085 ಡಿಗ್ರಿಗೆ ಕರಗುತ್ತದೆ, ಕಬ್ಬಿಣ 1538ಕ್ಕೆ. ಇವೆರಡರಲ್ಲಿ ಯಾವುದು ಅನ್ನುವುದಕ್ಕೆ ಬಣ್ಣ ಸಾಲದು. ಮೇಲ್ಮೈ ನೋಡಬೇಕು, ಸುತ್ತ ಬಿದ್ದಿರುವ ಚೂರುಗಳನ್ನು ನೋಡಬೇಕು.

ಅಲ್ಯೂಮಿನಿಯಂ ಮಾತ್ರ ಜನರನ್ನು ಜಾಸ್ತಿ ಗೊಂದಲಕ್ಕೆ ತಳ್ಳುತ್ತದೆ. ಈಗಷ್ಟೇ ಕರಗಿದ ಅಲ್ಯೂಮಿನಿಯಂ ಹಗಲು ಬೆಳಕಲ್ಲಿ ಬೆಳ್ಳಿಯ ಹಾಗೆ ಕಾಣುತ್ತದೆ, ಹೊಳಪೇ ಇಲ್ಲ ಅನ್ನಿಸುತ್ತದೆ. ಅದರ ನುಣುಪು ಮೈ ತಾನು ಬೆಳಕು ಸೂಸುವುದಕ್ಕಿಂತ ಸುತ್ತಲಿನ ಬೆಳಕನ್ನು ಪ್ರತಿಫಲಿಸುವುದೇ ಹೆಚ್ಚು. ಅದನ್ನೇ ಇನ್ನೂ ನಾನೂರು ಡಿಗ್ರಿ ಕಾಯಿಸಿದರೆ ಅದೂ ಕಿತ್ತಳೆಯಾಗಿ ಹರಿಯುತ್ತದೆ. "ಕಿತ್ತಳೆ ಬಣ್ಣದ ದ್ರವ, ಹಾಗಾದರೆ ಉಕ್ಕೇ ಇರಬೇಕು" ಅನ್ನುವವರು ಇದನ್ನು ಮರೆತಿರುತ್ತಾರೆ.

ಕರಗಿದೆಯೋ ಇಲ್ಲವೋ ಗೊತ್ತಾಗುವುದು ಆಕಾರದಿಂದ. ದ್ರವಕ್ಕೆ ದುಂಡು ಅಂಚು, ತೊಟ್ಟಿಕ್ಕುವ ಹನಿ, ಕನ್ನಡಿಯಂಥ ಮೈ. ಗಟ್ಟಿ ತುಂಡಿನಲ್ಲಿ ಸುತ್ತಿಗೆ ಏಟಿನ ಗುರುತು, ಇಕ್ಕಳ ಹಿಡಿದ ಕಚ್ಚು, ನೇರ ಅಂಚು.

ಇನ್ನು ಬಿಸಿ ಎಷ್ಟು ಅನ್ನುವ ಪ್ರಶ್ನೆ. ಇಲ್ಲಿ ಕೈಕೊಡುವುದು ಕ್ಯಾಮೆರಾ. ಕಮ್ಮಾರಿಕೆ ಮಾಡುವವರ ಕಣ್ಣು ಪಳಗಿರುವುದು ಮಬ್ಬು ಬೆಳಕಿನ ಕೋಣೆಯಲ್ಲಿ, ಎದುರಿಗಿರುವ ಲೋಹದ ಮೇಲೆ. ಅದೇ ತುಂಡನ್ನು ಬಿಸಿಲಿಗೆ ತಂದರೆ ಮಂದ ಕೆಂಪು ಕಾಣುವುದೇ ಇಲ್ಲ. ಕ್ಯಾಮೆರಾ ಇನ್ನೂ ಆಟವಾಡುತ್ತದೆ. ಹಿನ್ನೆಲೆ ಕತ್ತಲಿದ್ದರೆ ಅದು ತಾನೇ ಜಾಸ್ತಿ ಬೆಳಕು ತೆಗೆದುಕೊಳ್ಳುತ್ತದೆ. ಸೆನ್ಸರ್‌ನ ಕೆಂಪು ಭಾಗ ಮೊದಲು ತುಂಬಿಬಿಡುತ್ತದೆ, ಆಮೇಲೆ ಹಸಿರು ಸೇರಿಕೊಳ್ಳುತ್ತದೆ. ಕೆಂಪಗಿದ್ದದ್ದು ಫೋಟೋದಲ್ಲಿ ಕಿತ್ತಳೆ, ಹಳದಿ, ಬಿಳಿಯಾಗಿಯೂ ಬರಬಹುದು. ಬೆಳಕು ಕಡಿಮೆ ತೆಗೆದುಕೊಂಡರೆ ಉಲ್ಟಾ, ಬಿಳಿ ಬಿಸಿಯ ಲೋಹವೂ ಕಿತ್ತಳೆಯಾಗಿ ಕಾಣುತ್ತದೆ. ಇದರ ಮೇಲೆ ಫೋನು ತಾನೇ ಬಣ್ಣ ಸರಿಮಾಡಲು ಹೋಗುತ್ತದೆ ಬೇರೆ.

ನೇರಳೆ ಛಾಯೆಗೂ ಇದೇ ಕಾರಣವಿರಬಹುದು. ಕಾದ ಲೋಹ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ಧಾರಾಳವಾಗಿ ಸೂಸುತ್ತದೆ. ಅದನ್ನು ತಡೆಯಲು ಕ್ಯಾಮೆರಾದಲ್ಲಿ ಫಿಲ್ಟರ್ ಇರುತ್ತದೆ, ಆದರೆ ಒಂದಿಷ್ಟು ನುಸುಳಿ ಒಳಗೆ ಬರುತ್ತದೆ. ಆಗ ಕೆಂಪಿನ ಜೊತೆ ನೀಲಿಯೂ ಬೆರೆತು ನೇರಳೆ ಅಥವಾ ಗುಲಾಬಿ ಬರುತ್ತದೆ. ಎಲೆಕ್ಟ್ರಿಕ್ ಒಲೆಯ ಕೆಂಪು ಸುರುಳಿಯನ್ನು ಫೋನಿನಲ್ಲಿ ತೆಗೆದು ನೋಡಿ, ಕೆಲವು ಫೋನುಗಳಲ್ಲಿ ಅದು ನೇರಳೆಯಾಗಿಯೇ ಬರುತ್ತದೆ.

ನೇರಳೆಗೆ ಇನ್ನೊಂದು ಮೂಲವೂ ಇದೆ. ಉಜ್ಜಿ ಹೊಳಪು ಮಾಡಿದ ಉಕ್ಕನ್ನು ಕಾಯಿಸಿದರೆ ಮೇಲೆ ತೆಳುವಾದ ಆಕ್ಸೈಡ್ ಪದರ ಕಟ್ಟಿ, ಮೊದಲು ತಿಳಿ ಹಳದಿ, 280 ಡಿಗ್ರಿ ಸುತ್ತಮುತ್ತ ನೇರಳೆ, 300ರ ಹತ್ತಿರ ನೀಲಿ ಮೂಡುತ್ತದೆ. ಚಾಕು ಮಾಡುವವರು ಹದ ನೋಡುವುದು ಈ ಬಣ್ಣದಿಂದಲೇ. ಇದು ಹೊಳಪಲ್ಲ, ಮೇಲ್ಮೈ ಬಣ್ಣ. ನೇರಳೆ ಇರುವ ಜಾಗ ಹೊಳೆಯುವ ಭಾಗದಲ್ಲೇ ಇದ್ದರೆ ಕ್ಯಾಮೆರಾದ ಕೆಲಸ. ಹೊಳೆಯದ ಬೂದು ಭಾಗದಲ್ಲಿದ್ದರೆ ಉಕ್ಕಿನದೇ ಬಣ್ಣ.

ಕಪ್ಪು ಪಟ್ಟಿ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ. ಪಟ್ಟಿಯ ಅಂಚು ನೇರವಾಗಿದ್ದರೆ ಇಕ್ಕಳವೋ ಕಮ್ಮಾರರ ಅಡಿಗಲ್ಲೋ ತಾಗಿ ಅಷ್ಟು ಜಾಗ ತಣ್ಣಗಾಗಿದೆ. ಹರಿದ ಕಾಗದದ ಹಾಗೆ ಅಂಕುಡೊಂಕಾಗಿದ್ದರೆ ಅದು ಕಾದ ಕಬ್ಬಿಣದ ಮೇಲೆ ಕಟ್ಟುವ ಆಕ್ಸೈಡ್ ಚಕ್ಕೆ. ಮೇಲೆದ್ದು ನಿಂತ ಚಕ್ಕೆ ಬೇಗ ಆರಿ ಕಪ್ಪಾಗುತ್ತದೆ. ಅಂಚು ಮೃದುವಾಗಿ ನೆರಳಿನಂತೆ ಕರಗಿಹೋಗಿದ್ದರೆ ಮೂರನೆಯ ಸಾಧ್ಯತೆ ಇದೆ. ಉಕ್ಕು ಸುಮಾರು 730 ಡಿಗ್ರಿಯಲ್ಲಿ ಒಳಗಿನ ಹರಳಿನ ಜೋಡಣೆ ಬದಲಿಸಿಕೊಳ್ಳುತ್ತದೆ. ಕಾಯುತ್ತಿರುವಾಗ ಆ ಬದಲಾವಣೆಗೇ ಶಾಖ ಖರ್ಚಾಗುವುದರಿಂದ, ಆ ಭಾಗ ಅಕ್ಕಪಕ್ಕಕ್ಕಿಂತ ಮಂದವಾಗಿ ಹಿಂದೆ ಉಳಿಯುತ್ತದೆ. ಆರುವಾಗ ಅದೇ ಶಾಖ ಹೊರಬಂದು, ತಣ್ಣಗಾಗುತ್ತಿದ್ದ ತುಂಡು ಒಂದು ಕ್ಷಣ ಮತ್ತೆ ಬೆಳಗಿದಂತೆ ಕಾಣುತ್ತದೆ. ಉಕ್ಕನ್ನು ನೀರಿಗೋ ಎಣ್ಣೆಗೋ ಅದ್ದುವ ಹೊತ್ತು ಗೊತ್ತುಮಾಡಲು ಈ ನೆರಳನ್ನೇ ಕಾಯುವವರಿದ್ದಾರೆ.

ಕೇಳುವಾಗ ನಿಮ್ಮ ಊಹೆಯನ್ನು ಮೊದಲೇ ಹೇಳಬೇಡಿ. "ಇದು ಕರಗಿದ ಉಕ್ಕು ಅಲ್ವಾ?" ಅಂದರೆ ಎದುರಿನವರು ಅದನ್ನೇ ಹುಡುಕಲು ಶುರುಮಾಡುತ್ತಾರೆ. "ಇದರಲ್ಲಿ ಏನು ಕಾಣ್ತಿದೆ?" ಅಂತ ಸುಮ್ನೆ ಕೇಳಿ. ಇಬ್ಬರು ಮೂವರಿಗೆ ಬೇರೆ ಬೇರೆಯಾಗಿ ತೋರಿಸಿ. ಸ್ಕ್ರೀನ್‌ಶಾಟ್ ಬೇಡ, ಮೂಲ ಫೈಲ್ ಕೊಡಿ. ಅದರಲ್ಲಿ ಕ್ಯಾಮೆರಾ ಎಷ್ಟು ಬೆಳಕು ತೆಗೆದುಕೊಂಡಿತು ಅಂತ ಹೇಳುವ ಶಟರ್ ವೇಗ, ಐಎಸ್‌ಒ ವಿವರ ಉಳಿದಿರುತ್ತದೆ. ಹಗಲೋ ರಾತ್ರಿಯೋ, ಒಳಗೋ ಹೊರಗೋ ಗೊತ್ತಿದ್ದರೆ ಅದನ್ನೂ ತಿಳಿಸಿ.

ಡಿಗ್ರಿಯ ಅಂದಾಜು ಬೇಕೇಬೇಕು ಅಂದರೆ, ಅವರಲ್ಲೊಬ್ಬರು ಅಂಥದೇ ತುಂಡನ್ನು ಕಾಯಿಸಿ, ಥರ್ಮೋಕಪಲ್ (ಬಿಸಿ ಅಳೆಯುವ ಸಾಧನ) ಇಟ್ಟು, ಅದೇ ಕ್ಯಾಮೆರಾದಲ್ಲಿ, ಅದೇ ಸೆಟ್ಟಿಂಗ್‌ನಲ್ಲಿ, ಅಂಥದೇ ಬೆಳಕಿನಲ್ಲಿ ಫೋಟೋ ತೆಗೆಯಬೇಕು. ಹತ್ತು ಕಡೆ ಫಾರ್ವರ್ಡ್ ಆಗಿ ಬಂದ ಚಿತ್ರವಾದರೆ ಆ ತೊಂದರೆಯನ್ನೇ ತೆಗೆದುಕೊಳ್ಳಬೇಡಿ. ಅದರಿಂದ ಗಟ್ಟಿಯೋ ದ್ರವವೋ ಅನ್ನುವಷ್ಟನ್ನು ಕೇಳಿ ತಿಳಿದುಕೊಂಡರೆ ಸಾಕು.