ಉತ್ತೇಜಕ ಸೇವಿಸಿದವರ ಹೃದಯಾಘಾತ: ಮೆಟೊಪ್ರೊಲಾಲ್ ಯಾಕೆ ಬೇಡ?

ಕೊಕೇನ್ ಅಥವಾ ಮೆಥಾಂಫೆಟಮಿನ್ ತೆಗೆದುಕೊಂಡವರಿಗೆ ಎದೆನೋವು ಬಂದರೆ ಇಸಿಜಿ, ಟ್ರೋಪೊನಿನ್ (ಹೃದಯ ಸ್ನಾಯುವಿನ ಹಾನಿ ತೋರುವ ರಕ್ತಪರೀಕ್ಷೆ), ಅಗಿಯಲು 325 ಮಿ.ಗ್ರಾಂ ಆಸ್ಪಿರಿನ್, ಇವೆಲ್ಲ ಮಾಮೂಲಿನಂತೆಯೇ. ತೊಡಕು ನಾಡಿ, ಬಿಪಿ ಇಳಿಸುವ ಮೆಟೊಪ್ರೊಲಾಲ್‌ನಂಥ ಬೀಟಾ ಬ್ಲಾಕರ್‌ನಲ್ಲಿದೆ.

ನಾಡಿ 130, ಬಿಪಿ 190/110 ಕಂಡರೆ ಕೈ ತಾನಾಗಿ ಮೆಟೊಪ್ರೊಲಾಲ್ ಇಂಜೆಕ್ಷನ್ ಕಡೆ ಹೋಗುತ್ತದೆ. ಅಲ್ಲೇ ನಿಲ್ಲಬೇಕು. ಕೊಕೇನ್ ನಾರ್‌ಎಪಿನೆಫ್ರಿನ್ ಎಂಬ ನರರಾಸಾಯನಿಕ ನರತುದಿಗೆ ಮರಳದಂತೆ ತಡೆಯುತ್ತದೆ. ಮೆಥ್ ಅದನ್ನು ಹೊರಕ್ಕೇ ತಳ್ಳುತ್ತದೆ. ಆಗ ಅದು ತಟ್ಟುವ ಗ್ರಾಹಕಗಳಲ್ಲಿ (ರಿಸೆಪ್ಟರ್) ಬೀಟಾ-1 ಹೃದಯವನ್ನು ಓಡಿಸುತ್ತದೆ, ಆಲ್ಫಾ-1 ಹೃದಯಕ್ಕೆ ರಕ್ತ ಕೊಡುವ ಕೊರೊನರಿ ನಾಳವನ್ನು ಬಿಗಿಯುತ್ತದೆ, ಬೀಟಾ-2 ಸಡಿಲಿಸುತ್ತದೆ. ಪ್ರೊಪ್ರನೊಲಾಲ್ ಎಂಬ ಬೀಟಾ ಬ್ಲಾಕರ್ ಬೀಟಾ-2 ಮುಚ್ಚಿದರೆ ಆಲ್ಫಾಗೆ ಎದುರಾಳಿಯೇ ಉಳಿಯುವುದಿಲ್ಲ. 1990ರ ಪ್ರಯೋಗದಲ್ಲಿ ಮೂಗಿನಿಂದ ಕೊಕೇನ್ ಕೊಟ್ಟ ಮೇಲೆ ಪ್ರೊಪ್ರನೊಲಾಲ್ ಕೊಟ್ಟಾಗ ಬಿಪಿ ಬದಲಾಗದೆಯೇ ಕೊರೊನರಿ ರಕ್ತದ ಹರಿವು ಇನ್ನಷ್ಟು ಇಳಿಯಿತು. ಮಾನಿಟರ್ ನೋಡಿದರೆ ಈ ಹಾನಿ ಕಾಣುವುದೇ ಇಲ್ಲ ಎಂಬುದನ್ನು ಗಮನಿಸಿ.

‘ಮೆಟೊಪ್ರೊಲಾಲ್ ಬೀಟಾ-1ಕ್ಕೆ ಮಾತ್ರ ಅಲ್ಲವೇ?’ ಡೋಸ್ ಏರಿದಂತೆ ಆ ಆಯ್ಕೆ ಸಡಿಲವಾಗುತ್ತದೆ. ಮೇಲಾಗಿ ಬೀಟಾ-1 ಮುಚ್ಚಿದರೂ ಆಲ್ಫಾದ ಬಿಗಿತ ಹಾಗೇ ಇರುತ್ತದೆ. ಲ್ಯಾಬೆಟಲಾಲ್ ಎಂಬ ಬೀಟಾ ಬ್ಲಾಕರ್ ಆಲ್ಫಾವನ್ನೂ ತಡೆಯುತ್ತದಲ್ಲ ಎನ್ನುವವರು ಇದನ್ನು ಬರೆದುಕೊಳ್ಳಿ: ರಕ್ತನಾಳಕ್ಕೆ ಕೊಟ್ಟಾಗ ಅದರ ಆಲ್ಫಾ-ಬೀಟಾ ಪ್ರಮಾಣ 1:7, ಅಂದರೆ ಬೀಟಾ ತಡೆಯೇ ಏಳು ಪಟ್ಟು. ಬೀಟಾ ಬ್ಲಾಕರ್‌ನಿಂದ ಹಾನಿ ಕೆಲವು ಅಧ್ಯಯನಗಳಲ್ಲಿ ಕಂಡಿಲ್ಲ, ನಿಜ. ಆದರೂ ಅಮಲು ಇಳಿಯುವ ತನಕ ಬೇಡ ಎಂಬುದೇ ಸುರಕ್ಷಿತ ನಿಲುವು.

ಬದಲಿಗೆ ಮೊದಲು ಶಮನಕಾರಿ ಡಯಾಜೆಪಾಮ್ 5–10 ಮಿ.ಗ್ರಾಂ ನಿಧಾನವಾಗಿ ರಕ್ತನಾಳಕ್ಕೆ, ಉಸಿರಾಟದ ಮೇಲೆ ಕಣ್ಣಿಟ್ಟು. ಚಡಪಡಿಕೆ ಇಳಿದರೆ ನಾಡಿ, ಬಿಪಿ ಎರಡೂ ಇಳಿಯುತ್ತವೆ. ನೋವು ಉಳಿದರೆ ನಾಲಿಗೆ ಕೆಳಗೆ ರಕ್ತನಾಳ ಸಡಿಲಿಸುವ ನೈಟ್ರೇಟ್. ಅದಕ್ಕೂ ಮುನ್ನ ನಿಮಿರುವಿಕೆಯ ಮಾತ್ರೆಗಳಾದ ಸಿಲ್ಡೆನಾಫಿಲ್ 24 ಗಂಟೆಯೊಳಗೆ, ಟಡಲಾಫಿಲ್ 48 ಗಂಟೆಯೊಳಗೆ ತೆಗೆದುಕೊಂಡಿಲ್ಲವೆಂದು ಕೇಳಿ ಖಚಿತಪಡಿಸಿಕೊಳ್ಳಿ. ಇನ್ನೂ ಬಿಗಿತವಿದ್ದರೆ ಆಲ್ಫಾ ತಡೆಯುವ ಫೆಂಟೊಲಮೈನ್ 1–2.5 ಮಿ.ಗ್ರಾಂ.

ಬಂಧುಗಳನ್ನು ಹೊರಗೆ ಕಳಿಸಿಯೇ ಕೇಳಬೇಕು: ‘ಏನರ ತೊಗೊಂಡೀಯೇನಪಾ? ಔಷಧ ಬದಲಾಗತೈತಿ, ಅದಕ್ಕ ಕೇಳಾಕತ್ತೀನಿ.’

ಸಿಂಧನೂರು, ಕುಷ್ಟಗಿಯಂಥ ತಾಲ್ಲೂಕಿನಲ್ಲಿ ಆಂಜಿಯೋಪ್ಲಾಸ್ಟಿ ಮಾಡುವ ಕ್ಯಾಥ್‌ಲ್ಯಾಬ್ ದೂರ, ಹೆಪ್ಪು ಕರಗಿಸುವ ಔಷಧ ಟೆನೆಕ್ಟೆಪ್ಲೇಸ್ ಹತ್ತಿರ. ಇಲ್ಲಿ ಮೂರು ಬಲೆ. ಆರೋಗ್ಯವಂತ ಯುವಕರಲ್ಲೂ ಇಸಿಜಿಯ ಎಸ್‌ಟಿ ಭಾಗ ಹೃದಯಾಘಾತದಲ್ಲಿರುವಂತೆ ಮೇಲೇರಿ ಕಾಣಬಹುದು. ಬಿಪಿ 180/110 ದಾಟಿದ್ದರೆ ಆ ಔಷಧದಿಂದ ಮೆದುಳಿನಲ್ಲಿ ರಕ್ತಸ್ರಾವದ ಅಪಾಯ ಹೆಚ್ಚು. ಎದೆನೋವು ಬೆನ್ನಿಗೆ ಸೀಳಿದಂತಿದ್ದರೆ ಮಹಾಪಧಮನಿ ಬಿರಿದಿಲ್ಲವೆಂದು ಖಚಿತಪಡಿಸಿಕೊಳ್ಳಿ. ಆಂಜಿಯೋಪ್ಲಾಸ್ಟಿ ಸಿಗುವುದಾದರೆ ಅದೇ ಮೇಲು.

ಇಸಿಜಿಯ ಕ್ಯೂಆರ್‌ಎಸ್ ಅಲೆ ಅಗಲವಾದರೆ ಕೊಕೇನ್ ಹೃದಯದ ಸೋಡಿಯಂ ವಾಹಿನಿಗಳನ್ನು ಮುಚ್ಚಿದೆ ಎಂದರ್ಥ: ಸೋಡಿಯಂ ಬೈಕಾರ್ಬನೇಟ್, ಕೆ.ಜಿ.ಗೆ 1–2 ಮಿಲಿಈಕ್ವಿವಲೆಂಟ್.

ರಾಯಚೂರಿನ ಮೇ ತಿಂಗಳಲ್ಲಿ ಮೈಬಿಸಿಯನ್ನು ಬಿಸಿಲಿನದೇ ಎಂದು ಬಿಡಬೇಡಿ. ಗುದದ್ವಾರದ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ದಾಟಿದ್ದರೆ ಐಸ್ ನೀರು, ಫ್ಯಾನ್, ಡಯಾಜೆಪಾಮ್. ಪ್ಯಾರಾಸಿಟಮಾಲ್ ಇಲ್ಲಿ ಕೆಲಸ ಮಾಡದು; ಈ ಶಾಖ ಹುಟ್ಟುವುದು ಸ್ನಾಯುಗಳಲ್ಲಿ.