ಬ್ರಹ್ಮಕಲಶೋತ್ಸವವನ್ನು ಎಲ್ಲಿ ಮುರಿಯುವುದು?

ದೀಪಾವಳಿ ಕಳೆದು, ತುಳುನಾಡಿನ ಜಾತ್ರೆ, ನೇಮಗಳು ಮುಗಿಯುವ ಪತ್ತನಾಜೆಯವರೆಗೆ ಮಂಗಳೂರು, ಉಡುಪಿ ಕಡೆ ವೆಬ್ ಕೆಲಸ ಮಾಡುವವರಿಗೆ ದೇವಸ್ಥಾನಗಳ ಪುಟಗಳದ್ದೇ ಸೀಸನ್. ಆಮಂತ್ರಣದಲ್ಲಿ ಕೂಡಿಸಿ ಅಚ್ಚುಹಾಕಿದ ತಲೆಬರಹ ಹಾಗೆಯೇ ಬೇಕು: ‘ಪುನಃಪ್ರತಿಷ್ಠಾಬ್ರಹ್ಮಕಲಶೋತ್ಸವ’. ಲ್ಯಾಪ್‌ಟಾಪಿನಲ್ಲಿ ಚಂದ. 360 ಪಿಕ್ಸೆಲ್ ಅಗಲದ ಮೊಬೈಲಿನಲ್ಲಿ ದಪ್ಪಕ್ಷರದ ಆ ಪದ ಪರದೆ ದಾಟುತ್ತದೆ, ಇಡೀ ಪುಟ ಅಡ್ಡಡ್ಡ ಜಾರತೊಡಗುತ್ತದೆ. ನಡುವೆ ಸ್ಪೇಸ್ ಇಲ್ಲದ ಪದವನ್ನು ಬ್ರೌಸರ್ ತಾನಾಗಿ ಮುರಿಯುವುದಿಲ್ಲ.

ಆಗ ಹೆಚ್ಚಿನವರು ಪುಟದ ಅಂದಚಂದ ಹೇಳುವ ಭಾಷೆಯಾದ ಸಿಎಸ್ಎಸ್‌ನಲ್ಲಿ ‘ವರ್ಡ್-ಬ್ರೇಕ್: ಬ್ರೇಕ್-ಆಲ್’ ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಕನ್ನಡಕ್ಕೆ ಇದಕ್ಕಿಂತ ಕೆಟ್ಟ ಮದ್ದಿಲ್ಲ. ಕೆಳಗಿನ ಸಾಲಿಗೆ ಹೋದರೆ ಸಲೀಸಾಗಿ ಹಿಡಿಸುವ ಸಣ್ಣ ಪದವನ್ನೂ ಅದು ಅಂಚಿನಲ್ಲೇ ಕತ್ತರಿಸುತ್ತದೆ. ಒತ್ತಕ್ಷರವನ್ನೂ ಬಿಡದೆ, ಕೆಲವೊಮ್ಮೆ ‘ಕೃಷ್’ ಮೇಲೆ, ‘ಣ’ ಕೆಳಗೆ. “ಎಂತ ಮಾರಾಯ್ರೆ, ದೇವರ ಹೆಸರೇ ತುಂಡಾಯ್ತಲ್ಲ” ಎಂದು ಮೊಕ್ತೇಸರರು ಕೇಳಿದರೆ ಏನು ಹೇಳುವುದು?

ತಲೆಬರಹ ಎಲ್ಲಿ ಮುರಿಯಬೇಕೆಂದು ಹೇಳಬೇಕಾದವರು ಬರೆದವರೇ. ಅದಕ್ಕಿರುವುದು ಸಾಫ್ಟ್ ಹೈಫನ್, ಪದದ ನಡುವೆ ಟೈಪ್ ಮಾಡುವ ಗುರುತು: ಆ್ಯಂಪರ್‌ಸ್ಯಾಂಡ್, ಎಸ್ಎಚ್‌ವೈ, ಸೆಮಿಕೋಲನ್. ಜಾಗ ಸಾಕಾದರೆ ಕಾಣಿಸುವುದೇ ಇಲ್ಲ. ಸಾಲದಿದ್ದರೆ ಅಲ್ಲೇ ಅಡ್ಡಗೆರೆ ಬಂದು ಸಾಲು ಮುರಿಯುತ್ತದೆ. ನಾನು ಅದನ್ನಿಡುವುದು ಸಮಾಸದ ಪದಗಳು ಕೂಡುವಲ್ಲಿ: ಪುನಃ, ಪ್ರತಿಷ್ಠಾ, ಬ್ರಹ್ಮ, ಇವುಗಳ ಬೆನ್ನಿಗೆ. ಕಲಶಕ್ಕೂ ಉತ್ಸವಕ್ಕೂ ನಡುವೆ ಮಾತ್ರ ಆಗದು. ಗುಣಸಂಧಿಯಾಗಿ ‘ಶೋ’ ಒಂದೇ ಅಕ್ಷರ, ಅಲ್ಲಿ ಕತ್ತರಿ ಹೋಗುವಷ್ಟು ಸಂದಿಲ್ಲ. ‘ಕಲಶೋತ್ಸವ’ ಇಡಿಯಾಗಿಯೇ ಇರಲಿ.

ಇಮೇಲ್ ವಿಳಾಸಕ್ಕೆ ಇದನ್ನು ಬಳಸಬಾರದು. ಮುರಿದ ಕಡೆ ಕಾಣುವ ಅಡ್ಡಗೆರೆಯನ್ನೂ ಭಕ್ತರು ಸೇರಿಸಿ ಟೈಪ್ ಮಾಡುತ್ತಾರೆ, ಮೇಲ್ ತಲುಪುವುದಿಲ್ಲ. ಅಲ್ಲಿ ‘ಡಬ್ಲ್ಯೂಬಿಆರ್’ ಟ್ಯಾಗ್ ಸಾಕು. ಗೆರೆ ಇಲ್ಲದೆ ಮುರಿಯುತ್ತದೆ. ಅಟ್ ಚಿಹ್ನೆಯ ಮುಂಚೆ ಒಂದು ಇಟ್ಟರೆ ಆಯಿತು.

ಇಷ್ಟೆಲ್ಲ ಮಾಡಿದರೂ ಯಾವುದೋ ಪದ ತಪ್ಪಿಸಿಕೊಂಡೀತು, ಅದಕ್ಕೆ ಸಿಎಸ್ಎಸ್‌ನದೇ ‘ಓವರ್‌ಫ್ಲೋ-ರ‍್ಯಾಪ್’ ಕಾವಲು. ಇದು ಒಂದು ಸಾಲಿನಲ್ಲಿ ಹಿಡಿಸಲೇ ಹಿಡಿಸದ ಪದವನ್ನಷ್ಟೇ ಮುಟ್ಟುತ್ತದೆ. ಸೇವಾ ದರಪಟ್ಟಿಯಲ್ಲಿ ಮಾತ್ರ ನೋಡಿ ಬಳಸಬೇಕು. ಅದಕ್ಕೆ ‘ಬ್ರೇಕ್-ವರ್ಡ್’ ಎಂಬ ಬೆಲೆ ಕೊಟ್ಟರೆ ಕಾಲಂ ತನ್ನ ಕನಿಷ್ಠ ಅಗಲ ಬಿಟ್ಟುಕೊಡುವುದಿಲ್ಲ, ಟೇಬಲ್ ಹೊರಗೇ ಚಾಚಿಕೊಂಡಿರುತ್ತದೆ. ‘ಎನಿವೇರ್’ ಕೊಟ್ಟರೆ ಕುಗ್ಗುತ್ತದೆ, ಆದರೆ ‘ಕುಂಕುಮಾರ್ಚನೆ’ ಅಕ್ಷರ ಅಕ್ಷರವಾಗಿ ಕೆಳಗಿಳಿಯುವಷ್ಟೂ ಕುಗ್ಗಬಹುದು. ಕಾಲಮ್ಮಿಗೆ ಒಂದು ಕನಿಷ್ಠ ಅಗಲ ಬರೆದುಬಿಡುವುದು ಒಳ್ಳೆಯದು.

ಬ್ರೌಸರೇ ಅಡ್ಡಗೆರೆ ಹಾಕಿ ಮುರಿಯುವ ‘ಹೈಫನ್ಸ್: ಆಟೋ’ ಇದೆಯಲ್ಲ ಎನ್ನಬಹುದು. ಅದಕ್ಕೆ ಪುಟದ ಭಾಷೆ ‘ಕೆಎನ್’ (ಕನ್ನಡ) ಎಂದಿರಬೇಕು; ಟೆಂಪ್ಲೇಟಿನಿಂದ ಎತ್ತಿದ ಪುಟಗಳಲ್ಲಿ ‘ಇಎನ್’ (ಇಂಗ್ಲಿಷ್) ಎಂದೇ ಉಳಿದಿರುತ್ತದೆ. ತಿದ್ದಿದರೂ ಓದುವವರ ಬ್ರೌಸರಿನಲ್ಲಿ ಕನ್ನಡದ ನಿಯಮಗಳು ಇದ್ದರಷ್ಟೇ ಕೆಲಸ ಮಾಡೀತು. ಒಳಗಿನ ಪ್ಯಾರಾಗಳಿಗೆ ಹಾಕಿಡುತ್ತೇನೆ, ತಲೆಬರಹಕ್ಕಲ್ಲ.